ಕತ್ತರಿಸಿ ತೋರಿಸು

ಸ್ಕ್ವಾಮಿಶ್, ಕೆನಡಾ
ಏಪ್ರಿಲ್ 21

ಅಪ್ಪಾ,

ಎಂಟು ತಿಂಗಳಾದ ಮೇಲೆ ಬಾಯಿ ಬಿಡುತ್ತಿದ್ದೇನೆ, ಅದೂ ನಿನ್ನ ಮುಂದಲ್ಲ, ಫೋನಿನ ಮುಂದೆ. ನಾನು ಹೇಳಿದ್ದನ್ನು ಇದು ಬರೆದುಕೊಳ್ಳುತ್ತದೆ. ಬಾಡಿಗೆ ಸೈಕಲ್ಲುಗಳ ಕೆಸರು ತೊಳೆದು ಈಗ ತಾನೇ ಬಂದೆ, ಕೂತರೆ ನಿದ್ದೆ ಬಂದುಬಿಡುತ್ತದೆ ಅಂತ ಓಡಾಡುತ್ತಲೇ ಹೇಳುತ್ತಿದ್ದೇನೆ. ನೀನು ಎದ್ದು ಕೆಟಲ್ ಇಡುವಾಗ ಓದು.

‘ನಿನ್ನ ಕೈಯಿಂದ ಒಂದು ಮೊಳೆಯೂ ಬೇಡ’ ಅಂತ ಹೇಳಿ ಬಾಗಿಲು ಹಾಕಿಕೊಂಡು ಬಂದವಳು ನಾನು. ಈಗಲೂ ಮೊಳೆ ಕೇಳುತ್ತಿಲ್ಲ. ಒಂದು ಮಾತು ಕೇಳಬೇಕು ಅಷ್ಟೆ. ಮೂವತ್ತು ವರ್ಷ ಫೈಬರ್ ದೋಣಿಗಳ ಹೊಟ್ಟೆ ಸರಿ ಮಾಡಿದವನು ನೀನು. ಈ ವಿಷಯ ಇನ್ಯಾರಿಗೆ ಗೊತ್ತಿರುತ್ತದೆ?

ನನ್ನ ಸೈಕಲ್ಲಿನ ಫ್ರೇಮು ಬಿರುಕು ಬಿಟ್ಟಿದೆ. ಹಿಂದಿನ ಭಾಗ ಕೀಲಿಗೆ ಸೇರುವ ಬೆಸುಗೆಯಲ್ಲಿ, ಕೂದಲೆಳೆಯಷ್ಟು. ನಮ್ಮ ಅಂಗಡಿಯ ಲೊರ್ನ್ ಅದಕ್ಕೆ ಬೆಳಕು ಹಿಡಿದು, ‘ಇದರ ಮೇಲೆ ಇನ್ನೊಂದು ಸಲ ಬೆಟ್ಟ ಇಳಿದ್ರೆ ನಿನ್ನ ಹಲ್ಲು ನಾನು ಆರಿಸ್ಬೇಕಾಗುತ್ತೆ ನಾಚಾ’ ಅಂದ. ಚಕ್ರ, ಬ್ರೇಕು, ಶಾಕ್ ಅಬ್ಸಾರ್ಬರು ಎಲ್ಲ ಚೆನ್ನಾಗಿವೆ. ಅವನ್ನು ಕೂಡಿಸಲು ಒಂದು ಫ್ರೇಮು ಬೇಕು, ಅದೂ ಬೇಗ. ಬೆಟ್ಟ ಇಳಿಯುವ ಸೈಕಲ್ ರೇಸಿನ ಇಲ್ಲಿನ ಒಂದು ತಂಡ ಹೆಣ್ಣುಮಕ್ಕಳಿಗೆ ಒಂದೇ ಒಂದು ಜಾಗ ಇಟ್ಟಿದೆ. ಜುಲೈ ಹನ್ನೆರಡಕ್ಕೆ ಆಯ್ಕೆ. ಸಿಕ್ಕರೆ ವೀಸಾ ಕಾಗದ ಅವರೇ ನೋಡಿಕೊಳ್ಳುತ್ತಾರೆ. ಸಿಗದಿದ್ದರೆ ಅಕ್ಟೋಬರಿಗೆ ಗಂಟುಮೂಟೆ ಕಟ್ಟಿ ನಿನ್ನ ಮರಳುಕಾಗದದ ಧೂಳಿಗೆ ವಾಪಸ್ಸು.

ಕಣ್ಣ ಮುಂದೆ ಎರಡು ಫ್ರೇಮುಗಳಿವೆ. ಒಂದು ಲೊರ್ನ್ ಅಂಗಡಿಯದು, ಅಲ್ಯುಮಿನಿಯಂ, ಹೊಸದು. ತೂಕ ಜಾಸ್ತಿ, ಹತ್ತುವಾಗ ಕತ್ತೆ ಎಳೆದ ಹಾಗಿರುತ್ತದೆ. ಆದರೆ ಕಾಗದಪತ್ರ ಸರಿ, ಒಡೆದರೆ ಕಂಪನಿ ಬದಲಿ ಕೊಡುತ್ತದೆ. ಇನ್ನೊಂದು ಕಾರ್ಬನ್, ಎರಡು ವರ್ಷ ಹಳೆಯದು, ಇಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವಂಥದ್ದು. ಕಲ್ಲಿಗೆ ತಾಗಿದ ಹಿಂದಿನ ಚಕ್ರ ಅದರಲ್ಲಿ ಮೊದಲು ಹಿಂದಕ್ಕೆ ಸರಿದು ಆಮೇಲೆ ಮೇಲಕ್ಕೆ ಏಳುತ್ತದೆ. ಹಾಗಾಗಿ ಎಷ್ಟು ಒರಟು ದಾರಿಯಾದರೂ ಕಾಲಿಗೆ ಅರ್ಧ ಮಾತ್ರ ಗೊತ್ತಾಗುತ್ತದೆ.

ಅದನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅಂತಿರುವವನು ದಾಮಿಯಾನ್.

ಹೌದು, ಅದೇ ದಾಮಿಯಾನ್, ನಮ್ಮೂರ ಕೊಲ್ಲಿಯ ಆಚೆ ದಡದ ಒಣಕಲ. ಎರಡು ವರ್ಷದ ಹಿಂದೆ ರೇಸಿನ ನಡುವೆ ನಾನು ಹೆಗಲ ಮೂಳೆ ಮುರಿದುಕೊಂಡು ಬಿದ್ದಿದ್ದಾಗ ಪಕ್ಕದಲ್ಲೇ ಹಾದು ಹೋದವನು. ಬಿದ್ದವರನ್ನು ಕಂಡರೆ ನಿಲ್ಲಬೇಕು, ಅದು ನಮ್ಮ ಆಟದ ಮೊದಲ ಪಾಠ. ‘ನೋಡ್ಲೇ ಇಲ್ಲ ನಾಚಾ, ಅಮ್ಮನಾಣೆ’ ಅಂದಿದ್ದ. ಅವತ್ತಿನಿಂದ ಮಾತಿಲ್ಲ. ಈಗ ಒಮ್ಮೆಗೇ ಸಂದೇಶ: ‘ಫ್ರೇಮು ಬೇಕಂತೆ? ನನ್ನ ಹತ್ರ ಒಂದಿದೆ.’

ನನಗೆ ಫ್ರೇಮು ಬೇಕು ಅಂತ ಅವನಿಗೆ ಹೇಳಿದವರು ಯಾರು? ಅರ್ಧ ಬೆಲೆ ಯಾಕೆ? ಕಾರ್ಬನ್ ಒಳಗೆ ಹಾಳಾಗಿದ್ದರೆ ಹೊರಗಿನಿಂದ ಗೊತ್ತಾಗುತ್ತದಾ? ಇಷ್ಟೇ ನನ್ನ ಪ್ರಶ್ನೆ.

ನಿನ್ನ
ನಾಚಾ

*

ದಿಚಾತೊ
ಏಪ್ರಿಲ್ 25

ನಾಚಾ,

ಬರೆದದ್ದು ಸಿಕ್ಕಿತು. ನನಗೆ ಫೋನಿಗೆ ಮಾತಾಡಲು ಬರುವುದಿಲ್ಲ. ಮರಳುಕಾಗದದ ಹಿಂಬದಿಯಲ್ಲಿ ಬರೆದು ಫೋಟೋ ತೆಗೆದಿದ್ದೇನೆ, ಓದಲು ಬಂದರೆ ಓದು.

ಹಗುರವಾದದ್ದನ್ನು ತೆಗೆದುಕೋ.

ಕಾರ್ಬನ್ ಅನ್ನುವುದು ನಮ್ಮ ಫೈಬರಿನ ಶ್ರೀಮಂತ ತಮ್ಮ. ಪದರದ ಮೇಲೆ ಪದರ, ನಡುವೆ ಅಂಟು. ಪದರ ಬಿಟ್ಟುಕೊಂಡಿದ್ದರೆ ಹೊರಗೆ ಬಣ್ಣ ಚೆನ್ನಾಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಆದರೆ ಇದರ ಬಗ್ಗೆ ನೀನು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ತೆಗೆದುಕೋ.

ಉತ್ತರದ ಗಾಳಿ ಶುರುವಾಗಿದೆ, ಬಂದರು ಮುಚ್ಚಿದ್ದಾರೆ. ದಾಮಿಯಾನನ ಚಿಕ್ಕಪ್ಪನ ದೋಣಿ ಅಂಗಳದಲ್ಲಿ ಮಗ್ಗುಲಾಗಿ ಮಲಗಿದೆ, ಅದರ ಕೆಲಸ ನಡೆದಿದೆ. ಚಳಿ ಇದ್ದರೆ ಎದೆಗೆ ಏನಾದರೂ ಸುತ್ತಿಕೋ.

ಅಪ್ಪ
ಎರಿಬೆರ್ತೊ

*

ಸ್ಕ್ವಾಮಿಶ್
ಮೇ 6

ಅಪ್ಪಾ,

‘ತಲೆ ಕೆಡಿಸಿಕೊಳ್ಳಬೇಡ’ ಅಂತ ನೀನು ಹೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಇದೇ ಮೊದಲು. ಒಂದು ಬೋಲ್ಟು ಬಿಗಿ ಮಾಡಿದರೂ ಮೂರು ಸಲ ನೋಡಿಸುವವನು ನೀನು.

ನಿನ್ನೆ ಹೋಗಿ ನೋಡಿ ಬಂದೆ. ಅವನು ನದಿ ಪಕ್ಕದ ಒಂದು ಗ್ಯಾರೇಜಿನಲ್ಲಿ ಇರುತ್ತಾನೆ. ಫ್ರೇಮನ್ನು ಮಗು ಮಲಗಿಸಿದ ಹಾಗೆ ಕಂಬಳಿ ಮೇಲೆ ಮಲಗಿಸಿಟ್ಟಿದ್ದ. ಪಾಚಿ ಹಸಿರು. ಸುಳ್ಳು ಹೇಳುವುದಿಲ್ಲ ಅಪ್ಪಾ, ನೋಡಿದ ಕೂಡಲೇ ನನ್ನ ಕೈ ತಾನೇ ಮುಂದೆ ಹೋಯಿತು. ಅಷ್ಟು ಚೆಂದ. ಅದಕ್ಕೇ ಕೈ ಹಿಂದೆ ಕಟ್ಟಿಕೊಂಡು ನಿಂತೆ.

‘ಮುಟ್ಟಿ ನೋಡೇ, ಕಚ್ಚಲ್ಲ’ ಅಂದ.

‘ನೀನು ಕಚ್ತೀಯ.’

ನಗಲಿಲ್ಲ. ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ಕೇಳು, ಒಂದೊಂದೇ ಹೇಳುತ್ತೇನೆ. ಮೈತುಂಬ ರಕ್ಷಣೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾನೆ, ಹೊಚ್ಚ ಹೊಸದು. ಸವಾರಿ ಮಾಡುವವನು ಅಂಟಿಸಿಕೊಳ್ಳುತ್ತಾನೆ ಸರಿ, ಮಾರಿಬಿಡುವ ಸಾಮಾನಿಗೆ ಯಾರು ಅಂಟಿಸುತ್ತಾರೆ? ಏನನ್ನೋ ಮುಚ್ಚಿದ್ದಾನೆ ತಾನೇ? ಆಮೇಲೆ ಅಳತೆ. ಅವನು ಆರಡಿ ಮೂರಂಗುಲ. ಇದು ಮಧ್ಯಮ ಅಳತೆ, ನನಗೆ ಹೊಲಿದ ಹಾಗಿದೆ. ಕೊಕ್ಕರೆಕಾಲಿನ ಈ ಮನುಷ್ಯನ ಮನೆಗೆ ಮಧ್ಯಮ ಅಳತೆಯ ಫ್ರೇಮು ಎಲ್ಲಿಂದ ಬಂತು?

‘ಕದ್ದಿದ್ದಾ?’ ಅಂತ ನೇರವಾಗಿ ಕೇಳಿಬಿಟ್ಟೆ.

‘ಒಬ್ಬ ಹಲ್ಲು ಡಾಕ್ಟರ್ ಹತ್ರ ತಗೊಂಡೆ.’

‘ನಿನ್ನ ಅಳತೇದಲ್ವಲ್ಲ?’

‘ಅಲ್ಲ.’

‘ಮತ್ತೆ ಯಾಕೆ ತಗೊಂಡೆ?’

‘ಬೇಕಾದ್ರೆ ತಗೋ, ಬೇಡಾದ್ರೆ ಬಿಡು ಮಾರಾಯ್ತಿ. ಇದೇನು ಪೊಲೀಸ್ ಸ್ಟೇಷನ್ನಾ?’

ಇನ್ನೂ ಇದೆ. ಗೋಡೆಗೆ ಅವನ ಸೈಕಲ್ಲು ಒರಗಿಸಿತ್ತು. ಅವನ ಹಳೆಯ ಸೈಕಲ್ಲು ನಿನಗೆ ಗೊತ್ತಲ್ಲ, ಅದಕ್ಕಾಗಿ ಎರಡು ಚಳಿಗಾಲ ಹಿಮ ಗುಡಿಸಿ ದುಡ್ಡು ಕೂಡಿಸಿದವನು. ಅದು ಅಲ್ಲಿರಲಿಲ್ಲ. ಬದಲಿಗೆ ಹಿಂದೆ ಶಾಕೇ ಇಲ್ಲದ ಒಂದು ತುಕ್ಕು ಡಬ್ಬ. ‘ಇದ್ಯಾಕೋ, ಅಜ್ಜಿಗೆ ಅಂತ ತಂದ್ಯಾ?’ ಅಂದೆ. ‘ಬದಲಾವಣೆ ಬೇಕಿತ್ತು’ ಅಂದ. ಚೆನ್ನಾಗಿರುವುದನ್ನು ಮಾರಿಕೊಂಡಿದ್ದಾನೆ ಅಂದರೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾನೆ. ಸಿಕ್ಕಿಹಾಕಿಕೊಂಡವನು ನನ್ನ ತಲೆಗೆ ಒಡಕು ಸಾಮಾನು ಕಟ್ಟುತ್ತಿದ್ದಾನೆ. ಲೆಕ್ಕ ಸರಿಹೋಗುತ್ತದಲ್ಲ?

ಕಿವಿಗೆ ಕೇಳುತ್ತದೆ ಅಂದೆಯಲ್ಲ, ಹೇಗೆ ಅಂತ ಹೇಳು.

ನಾಚಾ

*

ದಿಚಾತೊ
ಮೇ 9

ನಾಚಾ,

ಸರಿಹೋಗುವುದಿಲ್ಲ. ಆದರೆ ನಿನ್ನ ಹತ್ತಿರ ವಾದ ಮಾಡಿ ಗೆದ್ದವರು ಈ ಮನೆಯಲ್ಲಿ ಯಾರೂ ಇಲ್ಲ.

ಒಂದು ನಾಣ್ಯ ತಗೋ. ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿ, ಬಿಗಿ ಹಿಡಿದರೆ ಸದ್ದು ಕೈಯೊಳಗೇ ಸಾಯುತ್ತದೆ. ಎರಡು ಬೆರಳು ಅಗಲಕ್ಕೊಂದರಂತೆ ತಟ್ಟುತ್ತಾ ಹೋಗು. ಗಟ್ಟಿ ಇರುವ ಕಡೆ ಟಿಣ್ ಅಂತ ಚುರುಕಾಗಿ ಬರುತ್ತದೆ. ಪದರ ಬಿಟ್ಟಿರುವ ಕಡೆ ಒದ್ದೆ ರಟ್ಟು ತಟ್ಟಿದ ಹಾಗೆ. ಸದ್ದು ಮುದ್ರಿಸಿ ಕಳಿಸು, ಬೇರೆ ಏನೂ ಮಾತಾಡಬೇಡ ನಡುವೆ.

ನೀನು ಎಂಟು ವರ್ಷದವಳಿದ್ದಾಗ ನಿನ್ನನ್ನು ದೋಣಿಯ ಹೊಟ್ಟೆಯೊಳಗೆ ಕೂರಿಸಿ ಹೊರಗಿನಿಂದ ತಟ್ಟುತ್ತಿದ್ದೆ. ಸತ್ತ ಸದ್ದು ಬಂದ ಕಡೆ ನೀನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ.

ಅಪ್ಪ

*

ಸ್ಕ್ವಾಮಿಶ್
ಮೇ 14

ಅಪ್ಪಾ,

ಸದ್ದು ಕಳಿಸಿದ್ದೇನೆ. ಮುಂದಿನ ಭಾಗದ್ದು ಮಾತ್ರ. ಹಿಂದಿನ ಭಾಗವನ್ನು ಅವನು ಅವತ್ತು ಬಿಚ್ಚಿ ಎಲ್ಲೋ ಕೊಟ್ಟಿದ್ದ, ಕೀಲುಗಳಿಗೆ ಹೊಸ ಬೇರಿಂಗು ಕೂರಿಸಲು. ಮಾರುವ ಸಾಮಾನಿಗೆ ಹೊಸ ಬೇರಿಂಗು! ನನಗೆ ಇನ್ನಷ್ಟು ಕೆಟ್ಟೆನಿಸಿತು.

ನಾನು ತಟ್ಟುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ರೊಟ್ಟಿಗೆ ಅವಕಾಡೊ ಮೆತ್ತಿಕೊಂಡು ತಿನ್ನುತ್ತಿದ್ದ. ‘ಡಾಕ್ಟರಮ್ಮ, ರೋಗಿ ಬದುಕ್ತಾನಾ?’ ಅಂದ. ನಾನು ತಟ್ಟುತ್ತಲೇ ಹೋದೆ. ಮುದ್ರಣದಲ್ಲಿ ಅದೂ ಬಿದ್ದಿದೆ, ಕ್ಷಮಿಸು.

ನನ್ನ ಕಿವಿಗೆ ಎಲ್ಲ ಕಡೆ ಟಿಣ್ ಅಂತಲೇ ಕೇಳಿತು. ಆ ಒಂದು ಗಳಿಗೆ ನಂಬಿಬಿಟ್ಟಿದ್ದೆ. ಮನಸ್ಸಿನಲ್ಲೇ ಚಕ್ರ ಜೋಡಿಸಿ ಒಂದು ಬೆಟ್ಟವನ್ನೂ ಇಳಿದೆ.

ಆಮೇಲೆ ಫ್ರೇಮಿನ ತಳದಲ್ಲಿರುವ ನಂಬರನ್ನು ಬರೆದುಕೊಂಡು ಬಂದು ಲೊರ್ನ್‌ಗೆ ಕೊಟ್ಟೆ. ಅವನು ಕಂಪನಿಯ ವೆಬ್ ಪುಟ ತೆರೆದು ಹುಡುಕಿದ. ಆ ನಂಬರಿನ ಎದುರು ಒಂದೇ ಪದ ಇತ್ತು: ‘ಬದಲಿಸಲಾಗಿದೆ’.

ಅಂದರೆ ಏನು ಅಂತ ನಿನಗೆ ಹೇಳಬೇಕು. ಫ್ರೇಮು ಒಡೆದರೆ ಕಂಪನಿಯವರು ಹೊಸದು ಕಳಿಸುತ್ತಾರೆ. ಆದರೆ ಹಳೆಯದನ್ನು ಸಾಗಿಸುವ ಖರ್ಚು ಯಾರು ಕೊಡಬೇಕು? ಅದಕ್ಕೆ ಹಳೆಯದನ್ನು ನಮ್ಮ ಕೈಯಲ್ಲೇ ಗರಗಸದಿಂದ ಎರಡು ತುಂಡು ಮಾಡಿಸಿ ಫೋಟೋ ತರಿಸಿಕೊಳ್ಳುತ್ತಾರೆ. ಒಡಕನ್ನು ಇನ್ನೊಬ್ಬರಿಗೆ ಮಾರಬಾರದಲ್ಲ. ಲೊರ್ನ್ ಅಂಗಡಿಯ ಹಿಂದಿನ ಗೋಡೆ ತುಂಬ ಅಂಥ ತುಂಡುಗಳೇ, ಒಂದೊಂದಕ್ಕೂ ಯಜಮಾನನ ಹೆಸರಿನ ಚೀಟಿ, ಬೇಟೆಯಾಡಿದ ಕೊಂಬುಗಳ ಹಾಗೆ ನೇತಾಡುತ್ತಿವೆ.

‘ಬದಲಿ ಬಂದಿದೆ ಅಂದ್ಮೇಲೆ ಹಳೇದು ಗರಗಸ ಕಂಡಿರ್ಬೇಕು’ ಅಂದ ಲೊರ್ನ್. ‘ಇದು ಕಂಡಿಲ್ಲ. ನಾನು ಕಂಪನಿಗೆ ಬರ್ದು ಕೇಳ್ತೀನಿ, ಅವ್ರು ಉತ್ರ ಕೊಡೋಕೆ ಎರಡು ಮೂರು ವಾರ ಮಾಡ್ತಾರೆ. ಅಲ್ಲೀವರ್ಗೂ ಮುಟ್ಬೇಡ.’

ಎರಡು ಮೂರು ವಾರ! ಅವನ ಅಂಗಡಿಯ ಅಲ್ಯುಮಿನಿಯಂ ಫ್ರೇಮು ನನ್ನ ಅಳತೆಯಲ್ಲಿ ಉಳಿದಿರುವುದು ಒಂದೇ. ಅದನ್ನು ತೆಗೆದಿಡು ಅಂದರೆ ‘ಮುಂಗಡ ಇಲ್ದೆ ತೆಗ್ದಿಡೋಕಾಗಲ್ಲ ಮಗಳೇ’ ಅಂತಾನೆ. ಮುಂಗಡ ಕೊಟ್ಟುಬಿಡೋಣ ಅಂತ ಎರಡು ಸಲ ಕೌಂಟರಿನ ತನಕ ಹೋದೆ. ಎರಡು ಸಲವೂ ಆ ಹಸಿರು ಕಣ್ಣಿಗೆ ಕಟ್ಟಿತು. ವಾಪಸ್ಸು ಬಂದೆ.

ನಾಚಾ

*

ದಿಚಾತೊ
ಮೇ 17

ನಾಚಾ,

ಸದ್ದು ಕೇಳಿದೆ. ಗಟ್ಟಿ ಇದೆ. ಹಿಂದಿನ ಭಾಗದಲ್ಲಿ ಸರಪಳಿ ಪಕ್ಕದ ಕೊಳವೆ ಮಾತ್ರ ನಡುವೆ ಸ್ವಲ್ಪ ಮಂಕಾಗಿ ಕೇಳುತ್ತದೆ. ಅದಕ್ಕೆ ಹೆದರಬೇಡ, ಒಳಗಿನ ತಂತಿ ಗಲಗಲ ಅನ್ನಬಾರದು ಅಂತ ಸ್ಪಂಜು ತುರುಕಿದ್ದಾರೆ.

ಬದಲಿ ಗಿದಲಿ ನನಗೆ ಅರ್ಥವಾಗುವುದಿಲ್ಲ. ಕಾಗದದ ಮೇಲೆ ಇರುವುದು ಬೇರೆ, ವಸ್ತು ಬೇರೆ. ನಾನು ಕೇಳಿದ್ದು ವಸ್ತುವನ್ನು. ತಗೋ. ಇನ್ನು ಇದರ ಬಗ್ಗೆ ಬರೆಯಬೇಡ.

ಅಪ್ಪ

*

ಸ್ಕ್ವಾಮಿಶ್
ಜೂನ್ 2

ಅಪ್ಪಾ,

ಬರೆಯಬೇಡ ಅಂದೆ, ಹದಿನಾರು ದಿನ ಬರೆಯಲಿಲ್ಲ. ನಿನ್ನ ಕಾಗದವನ್ನು ಹದಿನಾರು ದಿನವೂ ಓದಿದ್ದೇನೆ.

ಹಿಂದಿನ ಭಾಗವನ್ನು ನಾನು ತಟ್ಟೇ ಇಲ್ಲ.

ಬಿಚ್ಚಿಟ್ಟಿದ್ದ ಅಂತ ಬರೆದಿದ್ದೆನಲ್ಲ, ನೀನು ಓದಿದ್ದೆಯಲ್ಲ. ನಾನು ಕಳಿಸದ ಸದ್ದು ನಿನಗೆ ಕೇಳಿಸಿದ್ದು ಹೇಗೆ? ಒಳಗೆ ಸ್ಪಂಜು ಇದೆ ಅಂತ ದಿಚಾತೊದ ಅಂಗಳದಲ್ಲಿ ಕೂತವನಿಗೆ ಹೇಳಿದವರು ಯಾರು? ಮೊದಲಿಗೆ ನಿನಗೆ ಮರೆವು ಅಂದುಕೊಂಡೆ. ಆಮೇಲೆ ಅವನ ಚಿಕ್ಕಪ್ಪನ ದೋಣಿ ನಿನ್ನ ಅಂಗಳದಲ್ಲಿರುವುದು ನೆನಪಾಯಿತು. ಇಬ್ಬರೂ ಸೇರಿ ನನ್ನ ಬೆನ್ನ ಹಿಂದೆ ಏನೋ ಮಾಡುತ್ತಿದ್ದೀರಿ. ನಾನು ಬಿದ್ದು, ಸೋತು, ಅಕ್ಟೋಬರಿಗೆ ಮನೆಗೆ ಬರಲಿ ಅಂತಾ? ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಗುತ್ತದೆ. ಆದರೆ ಬಂತು.

ಅದೇ ತಲೆಯಲ್ಲಿಟ್ಟುಕೊಂಡು ನಿನ್ನೆ ಭಾನುವಾರ ಬೆಟ್ಟದ ಕೆಳಗಿನ ಪಾರ್ಕಿಂಗಿಗೆ ಹೋದೆ. ಎಲ್ಲ ಅಲ್ಲೇ ಇದ್ದರು, ವ್ಯಾನುಗಳ ಹಿಂಬಾಗಿಲು ತೆರೆದು, ಕಾಫಿ ಕುಡಿಯುತ್ತಾ. ಆಯ್ಕೆ ಮಾಡುವ ತಂಡದ ಇಬ್ಬರೂ ಇದ್ದರು. ದಾಮಿಯಾನ್ ಆ ಫ್ರೇಮನ್ನು ಹೆಗಲ ಮೇಲೆ ಹಾಕಿಕೊಂಡು ಬಂದ, ಹಿಂದಿನ ಭಾಗ ಜೋಡಿಸಿ, ಒರೆಸಿ, ಫಳಫಳ.

‘ಇವತ್ತು ತೀರ್ಮಾನ ಮಾಡ್ಬಿಡು ನಾಚಾ. ನಿಂಗೆ ಜುಲೈಗೆ ಮುಂಚೆ ಇದ್ರ ಮೇಲೆ ಕೂತು ಅಭ್ಯಾಸ ಆಗ್ಬೇಕು.’

‘ನನ್ನ ಜುಲೈ ಚಿಂತೆ ನಿಂಗ್ಯಾಕೋ?’

‘ಸುಮ್ನೆ ಹೇಳ್ದೆ.’

‘ಬದಲಿ ಬಂದಿರೋ ಫ್ರೇಮು ಇದು. ನಂಬರ್ ನೋಡಿಸಿದೀನಿ. ಇದು ಗೋಡೇಲಿ ನೇತಾಡ್ತಿರ್ಬೇಕಾಗಿತ್ತು, ನನ್ನ ಕಾಲ ಕೆಳಗಲ್ಲ.’

ಸುತ್ತ ಕಾಫಿ ಕುಡಿಯುತ್ತಿದ್ದವರು ನಮ್ಮ ಕಡೆ ತಿರುಗಿದರು. ಅವನು ಫ್ರೇಮನ್ನು ಹೆಗಲಿಂದ ಇಳಿಸಿದ. ‘ಅದು ನಂಗೆ ಗೊತ್ತಿಲ್ಲ. ಡಾಕ್ಟರ್ ಹೇಳಿರ್ಲಿಲ್ಲ. ಆದ್ರೆ ಇದು ಗಟ್ಟಿ ಇದೆ ನಾಚಾ, ನನ್ನ ಮಾತು ನಂಬು.’

‘ನಿನ್ನ ಮಾತಾ! ಎರಡು ವರ್ಷದ ಹಿಂದೆ ಕಲ್ಲಿನ ಮಧ್ಯೆ ಬಿದ್ಕೊಂಡು ನಿನ್ನ ಹೆಸ್ರು ಕೂಗಿದೀನಿ ನಾನು. ಆವಾಗ್ಲೂ ಗೊತ್ತಿಲ್ಲ ಅಂದೆ.’

ಯಾರೋ ‘ಬಿಡೇ ನಾಚಾ’ ಅಂದರು. ನಾನು ಬಿಡಲಿಲ್ಲ. ‘ಗಟ್ಟಿ ಅಂತ ಹೇಗ್ಗೊತ್ತು? ಯಾರು ಹೇಳಿದ್ರು?’ ಅಂತ ಕೇಳಿದೆ. ಅಪ್ಪಾ, ಅವನು ನಿನ್ನ ಹೆಸರು ಹೇಳುತ್ತಾನೆ ಅಂತ ನಾನು ಕಾದೆ. ಹೇಳಲಿಲ್ಲ.

‘ಒಳ್ಗೆ ಬಿರುಕಿಲ್ಲ ಅಂದ್ರೆ ಕತ್ತರಿಸಿ ತೋರಿಸು’ ಅಂದೆ. ‘ಎಲ್ರೂ ಹಂಗೇ ತಾನೇ ತೋರ್ಸೋದು ಇಲ್ಲಿ?’

ಅವನು ಫ್ರೇಮನ್ನು ಮತ್ತೆ ಹೆಗಲಿಗೇರಿಸಿಕೊಂಡು ನಡೆದು ಹೋದ. ಓಡಿಸಿಕೊಂಡು ಬಂದಿದ್ದ ಆ ತುಕ್ಕು ಡಬ್ಬವನ್ನು ಅಲ್ಲೇ ಬಿಟ್ಟು ಹೋದ.

ಉತ್ತರ ಕೊಡು. ನಿನ್ನ ಕೈಬರಹದಲ್ಲಿ. ಇವತ್ತು ನಾಚಾ ಅಲ್ಲ, ನನ್ನ ಪೂರ್ತಿ ಹೆಸರಿನಲ್ಲೇ ಸಹಿ.

ಇಗ್ನಾಸಿಯಾ

*

ಸ್ಕ್ವಾಮಿಶ್
ಜೂನ್ 4

ಅಪ್ಪಾ,

ಇವತ್ತು ಕೆಲಸಕ್ಕೆ ಹೊರಡುವಾಗ ಬಾಗಿಲ ಮುಂದೆ ಅರ್ಧ ಫ್ರೇಮಿತ್ತು.

ಹ್ಯಾಂಡಲ್ ಕೂರುವ ಕಡೆಯ ಅರ್ಧ. ಮೇಲಿನ ಕೊಳವೆ, ಕೆಳಗಿನ ಕೊಳವೆ ಎರಡನ್ನೂ ನಡುವಿಗೆ ಗರಗಸ ಹಾಕಿ ಕೊಯ್ದಿದ್ದಾನೆ. ಅಡ್ಡಾದಿಡ್ಡಿ ಅಲ್ಲ, ಟೇಪು ಸುತ್ತಿ ಗುರುತು ಮಾಡಿಕೊಂಡು ನೇರವಾಗಿ. ಚೀಟಿ ಇಲ್ಲ. ಏನೂ ಇಲ್ಲ.

ಮೆಟ್ಟಿಲ ಮೇಲೆ ಕೂತು ಫೋನಿನ ಬೆಳಕು ಬಿಟ್ಟು ಒಳಗೆ ನೋಡಿದೆ. ಬೆರಳು ಹಾಕಿ ಸವರಿದೆ. ಪ್ಲಾಸ್ಟಿಕ್ ಹಾಳೆಯನ್ನು ಇಂಚಿಂಚೇ ಕಿತ್ತೆ, ಕೆಳಗೆ ಏನಾದರೂ ಇರಲಿ ದೇವರೇ ಅಂತ ಬೇಡಿಕೊಂಡು ಕಿತ್ತೆ. ಒಂದು ಬಿರುಕು ಇದ್ದಿದ್ದರೆ ಸಾಕಿತ್ತು. ಒಂದು ಗೀರು. ಏನೂ ಇಲ್ಲ. ನಾಣ್ಯದಲ್ಲಿ ತಟ್ಟಿದೆ. ತುಂಡಾದ ಮೇಲೂ ಟಿಣ್ ಅನ್ನುತ್ತದೆ.

ಅಂಗಡಿಗೆ ಹೋದರೆ ಲೊರ್ನ್ ನನ್ನ ಮುಖ ನೋಡಲಿಲ್ಲ. ಕಂಪನಿಯ ಉತ್ತರ ನಿನ್ನೆ ಸಂಜೆಯೇ ಬಂದಿತ್ತಂತೆ. ಆ ಹಲ್ಲು ಡಾಕ್ಟರರ ಫ್ರೇಮಿನ ಹಿಂದಿನ ಭಾಗ ಮಾತ್ರ ಹೋದ ವರ್ಷ ಸೀಳಿತ್ತು. ಅದೊಂದನ್ನೇ ಬದಲಿಸಿದ್ದಾರೆ. ಆದರೆ ನಂಬರು ಇರುವುದು ಮುಂದಿನ ಭಾಗದ ಮೇಲೆ, ಹಾಗಾಗಿ ಕಂಪನಿಯ ಪುಟದಲ್ಲಿ ಅದರ ಎದುರಿಗೇ ‘ಬದಲಿಸಲಾಗಿದೆ’ ಅಂತ ಬಿದ್ದಿದೆ. ‘ಇಪ್ಪತ್ತು ವರ್ಷದಿಂದ ಈ ಪುಟ ನೋಡ್ತಿದೀನಿ, ನಂಗೇ ಹೊಳೀಲಿಲ್ವಲ್ಲ’ ಅಂದ.

ಅಲ್ಯುಮಿನಿಯಂ ಫ್ರೇಮು ಎಲ್ಲಿ ಅಂತ ಕೇಳಿದೆ. ಸೋಮವಾರ ಯಾರೋ ಒಯ್ದರಂತೆ.

ಈಗ ನನ್ನ ಹತ್ತಿರ ಒಡೆದ ಒಂದು ಫ್ರೇಮು, ಅರ್ಧ ಒಂದು ಫ್ರೇಮು, ಮತ್ತು ಉತ್ತರ ಕೊಡದ ಒಬ್ಬ ಅಪ್ಪ. ಇಷ್ಟೇ.

ಇಗ್ನಾಸಿಯಾ

*

ದಿಚಾತೊ
ಜೂನ್ 20

ನಾಚಾ,

ನಾಲ್ಕು ಸಲ ಬರೆದು ನಾಲ್ಕನ್ನೂ ಒಲೆಗೆ ಹಾಕಿದೆ. ಇದು ಐದನೆಯದು. ಹೇಗಿದ್ದರೂ ಕಳಿಸುತ್ತೇನೆ.

ಮಾರ್ಚ್‌ನಲ್ಲಿ ದಾಮಿಯಾನ್ ನನಗೆ ಬರೆದಿದ್ದ. ಅವನ ಮೊದಲ ಸಾಲು ಇದು: ‘ಮೇಸ್ತ್ರಿಗಳೇ, ಅವತ್ತು ನಾನು ನಾಚಾಳನ್ನು ನೋಡಿದ್ದೆ.’ ನೋಡಿದ್ದ ಮಗಳೇ. ನೀನು ಕೂಗಿದ್ದೂ ಕೇಳಿಸಿತ್ತು. ಮುಂದಿನವನಿಗಿಂತ ಮೂರು ಸೆಕೆಂಡು ಹಿಂದಿದ್ದೆ, ಕಾಲು ನಿಲ್ಲಲಿಲ್ಲ ಅಂತ ಬರೆದಿದ್ದ. ಆ ವಿಷಯದಲ್ಲಿ ನಿನ್ನ ಅನುಮಾನ ಸರಿಯಿತ್ತು.

ಅದನ್ನು ಅವಳಿಗೇ ಹೇಳು ಅಂದೆ. ಆಗುವುದಿಲ್ಲ ಅಂದ. ನಿನ್ನ ಸೈಕಲ್ಲು ಹಳತಾಗಿದೆ, ಇವತ್ತಲ್ಲ ನಾಳೆ ಒಡೆಯುತ್ತದೆ, ಜುಲೈಗೆ ನಿನಗೆ ಒಳ್ಳೆಯದು ಬೇಕು ಅಂದ. ತನ್ನ ದೊಡ್ಡ ಫ್ರೇಮನ್ನು ಆ ಹಲ್ಲು ಡಾಕ್ಟರರಿಗೆ ಕೊಟ್ಟು ಅವರ ಮಧ್ಯಮದ್ದನ್ನು ತಂದಿದ್ದ. ಅವರಿಗೆ ತಮ್ಮದು ಚಿಕ್ಕದಾಗಿತ್ತಂತೆ. ನಿನ್ನದು ಬಿರುಕು ಬಿಟ್ಟ ಸುದ್ದಿ ಆಮೇಲೆ ಲೊರ್ನ್ ಅಂಗಡಿಯಲ್ಲಿ ಅವನ ಕಿವಿಗೆ ಬಿತ್ತು. ಸುಮ್ಮನೆ ಕೊಟ್ಟುಬಿಡುತ್ತೇನೆ ಅಂದವನಿಗೆ ನಾನೇ ಬೇಡ ಅಂದೆ. ಸುಮ್ಮನೆ ಕೊಟ್ಟರೆ ಅವಳು ಮುಟ್ಟುವುದಿಲ್ಲ, ಅರ್ಧ ಬೆಲೆ ಹೇಳು ಅಂದೆ. ‘ಅರ್ಧ ಅಂದರೂ ಅನುಮಾನ ಪಡುತ್ತಾಳೆ’ ಅಂತ ಬರೆದ. ನನ್ನ ಮಗಳು ನನಗಿಂತ ಅವನಿಗೇ ಹೆಚ್ಚು ಗೊತ್ತಿದ್ದಳು.

ಏಪ್ರಿಲ್ ಮೊದಲ ವಾರದಲ್ಲೇ ಅವನಿಂದ ಪೂರ್ತಿ ಫ್ರೇಮನ್ನು ತಟ್ಟಿಸಿ ಕೇಳಿದ್ದೆ. ಹಿಂದು, ಮುಂದು, ಕೀಲಿನ ಒಳಬದಿ. ಮೂರು ಸಂಜೆ. ನೀನು ಕೂರುವ ಸಾಮಾನನ್ನು ನಾನು ಕೇಳದೆ ಬಿಡುತ್ತೇನೆಯೇ? ಸ್ಪಂಜಿನ ವಿಷಯ ಹಾಗೆ ಗೊತ್ತಾಯಿತು. ಅವನ ಚಿಕ್ಕಪ್ಪನ ದೋಣಿಯ ಕೆಲಸಕ್ಕೆ ನಾನು ಕೂಲಿ ತೆಗೆದುಕೊಳ್ಳಲಿಲ್ಲ. ಆ ಫ್ರೇಮಿನ ಬೆಲೆಯಲ್ಲಿ ಅಷ್ಟು ನನ್ನ ಪಾಲು.

ನನ್ನ ಹೆಸರು ಎತ್ತಬೇಡ ಅಂತ ಅವನಿಂದ ಮಾತು ತೆಗೆದುಕೊಂಡವನು ನಾನು. ‘ಒಂದು ಮೊಳೆಯೂ ಬೇಡ’ ಅಂದಿದ್ದೆಯಲ್ಲ. ನನ್ನ ಕೈ ಸೋಂಕಿದೆ ಅಂತ ಗೊತ್ತಾದರೆ ನೀನು ಅದನ್ನು ನದಿಗೆ ಎಸೆಯುತ್ತೀಯ ಅಂದುಕೊಂಡೆ. ಅವತ್ತು ಪಾರ್ಕಿಂಗಿನಲ್ಲಿ ‘ಯಾರು ಹೇಳಿದ್ರು’ ಅಂತ ನೀನು ಕೇಳಿದಾಗ ಅವನು ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಎರಡು ವರ್ಷದ ಹಿಂದೆ ನಿಲ್ಲದವನು ಈ ಸಲ ನಿಂತ, ನನ್ನ ಮಾತಿಗೆ. ಆ ಗರಗಸ ಹಿಡಿದದ್ದು ಅವನ ಕೈ, ಎಳೆಸಿದವರು ನಾವಿಬ್ಬರು.

ಈಗ ಕೆಲಸದ ಮಾತು. ನೇರವಾಗಿ ಕೊಯ್ದಿದ್ದಾನೆ ಅಂತ ಬರೆದಿದ್ದೀಯ. ಟೇಪು ಸುತ್ತಿ ಕೊಯ್ದವನು ಕೋಪದಲ್ಲಿ ಕೊಯ್ದಿಲ್ಲ. ನಡುವಿಗೆ ಎರಡು ತುಂಡಾದ ದೋಣಿಗಳನ್ನು ನಾನು ಕೂಡಿಸಿದ್ದೇನೆ, ಅವು ಇವತ್ತೂ ಮೀನಿಗೆ ಹೋಗುತ್ತವೆ. ಒಳಗೊಂದು ಕೊಳವೆ ತೂರಿಸಬೇಕು, ಎರಡೂ ಅಂಚನ್ನು ಅಂಗೈ ಅಗಲ ಇಳಿಜಾರಾಗಿ ಉಜ್ಜಬೇಕು, ಆಮೇಲೆ ಪದರ. ಜುಲೈ ಹನ್ನೆರಡಕ್ಕೆ ಆಗುವುದಿಲ್ಲ, ಆ ಆಸೆ ಬಿಡು. ಇದಕ್ಕೆ ಇನ್ನೊಂದು ಅರ್ಧ ಬೇಕು. ಅದು ನನ್ನ ಹತ್ತಿರ ಇಲ್ಲ.

ಅಪ್ಪ
ಎರಿಬೆರ್ತೊ

*

ಸ್ಕ್ವಾಮಿಶ್
ಜುಲೈ 13

ಅಪ್ಪಾ,

ನಿನ್ನೆ ಆಯ್ಕೆ ನಡೆಯಿತು. ಹಗ್ಗದ ಈಚೆ ನಿಂತು ನೋಡಿದೆ. ಕ್ವಿಬೆಕ್ ಕಡೆಯ ಒಬ್ಬಳಿಗೆ ಜಾಗ ಸಿಕ್ಕಿತು. ಚೆನ್ನಾಗಿ ಇಳಿದಳು, ಹೊಟ್ಟೆಕಿಚ್ಚು ಪಡಲೂ ಜಾಗ ಕೊಡದಷ್ಟು ಚೆನ್ನಾಗಿ.

ನಿನ್ನ ಮೇಲೆ ಮೂರು ವಾರ ಸಿಟ್ಟು ಮಾಡಿದೆ. ಅದಕ್ಕೇ ಬರೆಯಲಿಲ್ಲ. ಇನ್ನೂ ಸ್ವಲ್ಪ ಉಳಿದಿದೆ, ಬಂದಾಗ ತೀರಿಸುತ್ತೇನೆ. ಅಕ್ಟೋಬರಿಗೆ ಬರುತ್ತೇನೆ.

ದಾಮಿಯಾನನಿಗೆ ಒಂದೇ ಸಾಲು ಕಳಿಸಿದ್ದೆ: ‘ಆ ಇನ್ನೊಂದು ಅರ್ಧ ತಗೊಂಡು ಬಾ.’ ಒಂಬತ್ತು ದಿನ ಸುದ್ದಿಯಿಲ್ಲ. ಇವತ್ತು ಮಧ್ಯಾಹ್ನ ಬಂದ. ಹಿಟ್ಟಿನ ಚೀಲದಲ್ಲಿ ಸುತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡಿದ್ದ. ಒಳಗೆ ಬಾ ಅನ್ನಲಿಲ್ಲ ನಾನು. ಮೊದಲು ಕೇಳಬೇಕಿತ್ತು.

‘ನೋಡಿದ್ಯಾ ಅವತ್ತು?’

ನೆಲ ನೋಡುತ್ತಾನೆ ಅಂದುಕೊಂಡೆ. ನೋಡಲಿಲ್ಲ.

‘ನೋಡಿದ್ದೆ.’

‘ನಾನು ಕೂಗಿದ್ದು?’

‘ಕೇಳಿಸ್ತು. ಇವತ್ತಿಗೂ ಕೇಳ್ಸುತ್ತೆ ನಾಚಾ.’

‘ಕೇಳ್ಸಲಿ’ ಅಂದೆ. ಬಾಗಿಲಿಂದ ಪಕ್ಕಕ್ಕೆ ಸರಿದೆ.

ಈಗ ಅಡುಗೆಮನೆ ಮೇಜಿನ ಮೇಲೆ ಎರಡೂ ಅರ್ಧ ಎದುರುಬದುರು ಮಲಗಿವೆ, ನಡುವೆ ಗರಗಸದ ದಪ್ಪದಷ್ಟು ಸಂದು. ನಿನ್ನ ಕಾಗದ ಅವನ ಕೈಲಿದೆ, ಓದುತ್ತಿದ್ದಾನೆ. ‘ಅಂಗೈ ಅಗಲ ಅಂದ್ರೆ ಯಾರ ಅಂಗೈ? ಮೇಸ್ತ್ರೀದಾ, ನಿಂದಾ?’ ಅಂತ ಕೇಳುತ್ತಿದ್ದಾನೆ. ಅದನ್ನು ಬರೆ. ಎಷ್ಟು ಪದರ, ಎಳೆ ಯಾವ ದಿಕ್ಕಿಗೆ, ಒಣಗಲು ಎಷ್ಟು ದಿನ, ಅದನ್ನೂ ಬರೆ.

ಅವನನ್ನು ನಂಬಿದ್ದೇನೆ ಅಂದುಕೊಳ್ಳಬೇಡ. ಒಣಗಿದ ಮೇಲೆ ಅವನು ಹಿಡಿದುಕೊಳ್ಳುತ್ತಾನೆ, ನಾನು ತಟ್ಟುತ್ತೇನೆ, ಹಿಂದು, ಮುಂದು, ಕೀಲಿನ ಒಳಬದಿ ಎಲ್ಲ. ಸದ್ದು ನಾನೇ ಕಳಿಸುತ್ತೇನೆ.

ಈ ಸಲ ನೀನು ಮಾತ್ರ ಮೊದಲೇ ಕೇಳಿಸಿಕೊಂಡು ಕೂತಿರಬೇಡ.

ನಿನ್ನ
ನಾಚಾ